ಇಳಿಸುವುದು ಬೇರೆ, ಕೂರಿಸುವುದು ಬೇರೆ: ಮಳೆಗಾಲದ ಜಿಲ್ಲೆಯಲ್ಲಿ ಲಿನಕ್ಸ್ ಸಾಫ್ಟ್‌ವೇರ್ ನಿರ್ವಹಣೆ

ಲಿನಕ್ಸ್‌ನಲ್ಲಿ ಒಂದು ಸಾಫ್ಟ್‌ವೇರ್ ಹಾಕುವುದೆಂದರೆ ಎರಡು ಕೆಲಸ. ಮೊದಲು ಪ್ಯಾಕೇಜ್‌ಗಳು, ಅಂದರೆ ಸಾಫ್ಟ್‌ವೇರ್ ಕಟ್ಟಿಟ್ಟ ಫೈಲ್‌ಗಳು, ನೆಟ್‌ನಿಂದ ಇಳಿಯಬೇಕು. ಆಮೇಲೆ ಅವು ಬಿಚ್ಚಿಕೊಂಡು ಸಿಸ್ಟಂನೊಳಗೆ ಕೂರಬೇಕು. ಕರೆಂಟು, ನೆಟ್ ಎರಡೂ ಗಟ್ಟಿ ಇರುವ ಊರಿನಲ್ಲಿ ಒಂದೇ ಗುಂಡಿ ಒತ್ತಿದರೆ ಎರಡೂ ಮುಗಿದುಹೋಗುತ್ತವೆ, ನಡುವಿನ ಗೆರೆ ಕಾಣುವುದೇ ಇಲ್ಲ. ಉತ್ತರ ಕನ್ನಡದ ಜೋಯ್ಡಾದ ಒಳಗೋ ಸಿದ್ದಾಪುರದ ತೋಟದ ಮನೆಯಲ್ಲೋ ಜುಲೈ ತಿಂಗಳಲ್ಲಿ ಕೂತು ಕೆಲಸ ಮಾಡುವವರಿಗೆ ಆ ಗೆರೆಯೇ ಮುಖ್ಯ. ಇಳಿಯುತ್ತಿರುವಾಗ ಕರೆಂಟು ಹೋದರೆ ಏನೂ ಹಾಳಾಗುವುದಿಲ್ಲ. ಅರ್ಧ ಬಂದ ಫೈಲ್ ಹಾಗೇ ಉಳಿದು, ಮತ್ತೆ ಶುರು ಮಾಡಿದಾಗ ಬಿಟ್ಟ ಜಾಗದಿಂದ ಮುಂದುವರಿಯುತ್ತದೆ. ಕೂರುತ್ತಿರುವಾಗ ಹೋದರೆ ಮಾತ್ರ ತಲೆನೋವು.

ಯಾಕೆಂದರೆ ಲಿನಕ್ಸ್‌ನ ಬೇರೆ ಬೇರೆ ರೂಪಗಳಾದ ಡೆಬಿಯನ್, ಉಬುಂಟು, ಮಿಂಟ್ ಮೂರರಲ್ಲೂ ಕೊನೆಯ ಕೆಲಸ ಮಾಡುವುದು ಡಿಪಿಕೆಜಿ ಎಂಬ ಒಂದೇ ಸಾಧನ. ಅದು ಅಡಿಕೆ ಸೊಸೈಟಿಯ ಗುಮಾಸ್ತರಿದ್ದ ಹಾಗೆ: ಗೋದಾಮಿಗೆ ಯಾವ ಮಾಲು ಬಂತು, ಯಾವುದು ಹೋಯಿತು ಎಂದು ಖಾತೆ ಬರೆದಿಡುತ್ತದೆ. ಮಾಲು ಒಳಗೆ ಬಂದು ಖಾತೆಗೆ ಏರುವ ಮೊದಲೇ ದೀಪ ಆರಿದರೆ ಎರಡಕ್ಕೂ ತಾಳೆ ಬರುವುದಿಲ್ಲ. ಆಮೇಲೆ ಯಾವ ಹೊಸ ಸಾಫ್ಟ್‌ವೇರ್ ಕೇಳಿದರೂ 'ಮೊದಲು ಹಳೇದನ್ನು ಸರಿಮಾಡಿ' ಎಂದು ಅದು ಹಠ ಹಿಡಿಯುತ್ತದೆ. ಸಾಮಾನ್ಯವಾಗಿ ಎರಡು ಆಜ್ಞೆಯಲ್ಲಿ ಸರಿಹೋಗುತ್ತದೆ. ಆದರೆ ಆ ಹೊತ್ತಿನಲ್ಲಿ ಕೂರುತ್ತಿದ್ದದ್ದು ಕರ್ನಲ್ (ಸಿಸ್ಟಂನ ತಿರುಳು) ಆಗಿದ್ದರೆ ಕಂಪ್ಯೂಟರ್ ಏಳದೆಯೂ ಇರಬಹುದು.

ಹಾಗಾಗಿ ಇಲ್ಲಿ ಹೇಳುವುದೆಲ್ಲ ಒಂದೇ ಪದ್ಧತಿಯ ಸುತ್ತ: ನೆಟ್ ಸಿಕ್ಕಾಗ ಇಳಿಸಿಟ್ಟುಕೊಳ್ಳಿ, ಕರೆಂಟು ಗಟ್ಟಿ ಇದ್ದಾಗ ಕೂರಿಸಿ. ಉದಾಹರಣೆಗಳು ಲಿನಕ್ಸ್ ಮಿಂಟ್ 22 ಮತ್ತು ಅದರ ತಳಹದಿಯಾದ ಉಬುಂಟು 24.04ಕ್ಕೆ ಹೊಂದುತ್ತವೆ. ಎರಡಕ್ಕೂ ಭದ್ರತಾ ಅಪ್‌ಡೇಟ್ 2029ರ ತನಕ ಇದೆ. ಆಜ್ಞೆಗಳನ್ನು ಓದುವ ಹಾಗೆ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆ ಬರೆಯುವ ಕಿಟಕಿಯಲ್ಲಿ, ಇಂಗ್ಲಿಷ್ ಸಣ್ಣಕ್ಷರದಲ್ಲಿ ಹೊಡೆಯಬೇಕು. ಸುಡೊ (ಪೂರ್ತಿ ಅಧಿಕಾರದಲ್ಲಿ ಮಾಡು ಎಂಬ ಆಜ್ಞೆ) ಎಂದರೆ ಎಸ್-ಯು-ಡಿ-ಓ, ಆಪ್ಟ್ (ಪ್ಯಾಕೇಜ್ ತರಿಸಿ ಡಿಪಿಕೆಜಿಗೆ ಒಪ್ಪಿಸುವ ಸಾಧನ) ಎಂದರೆ ಎ-ಪಿ-ಟಿ. ಒಂಟಿ ಅಡ್ಡಗೆರೆ, ಜೋಡಿ ಅಡ್ಡಗೆರೆ, ನಡುವಿನ ಖಾಲಿ ಜಾಗ ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಮೊದಲು ಇನ್ವರ್ಟರ್ ನೋಡಿ

ಮನೆಯಲ್ಲಿ ಇನ್ವರ್ಟರ್ ಇದೆ, ಇನ್ನೇನು ಭಯ ಎಂದುಕೊಳ್ಳಬೇಡಿ. ಹೆಚ್ಚಿನ ಇನ್ವರ್ಟರ್‌ಗಳ ಮೇಲೆ ಯುಪಿಎಸ್ ಮೋಡ್ ಮತ್ತು ಸಾಮಾನ್ಯ ಮೋಡ್ ಎಂದು ಒಂದು ಸ್ವಿಚ್ ಇರುತ್ತದೆ. ಸಾಮಾನ್ಯ ಮೋಡ್‌ನಲ್ಲಿ ಲೈನ್‌ನಿಂದ ಬ್ಯಾಟರಿಗೆ ಬದಲಾಗುವ ಗಳಿಗೆ ತುಸು ಉದ್ದ. ಫ್ಯಾನು, ಬಲ್ಬಿಗೆ ಅದು ಗೊತ್ತಾಗುವುದಿಲ್ಲ, ಡೆಸ್ಕ್‌ಟಾಪ್ ಮಾತ್ರ ರೀಸ್ಟಾರ್ಟ್ ಆಗಿಬಿಡುತ್ತದೆ. ಸ್ವಿಚ್ ಯುಪಿಎಸ್ ಕಡೆಗಿರಲಿ. ಇಲ್ಲವಾದರೆ ಕಂಪ್ಯೂಟರಿಗೊಂದು ಸಣ್ಣ ಯುಪಿಎಸ್ ಬೇರೆಯೇ ಇರಲಿ.

ಇನ್ನೊಂದು ಸೂಕ್ಷ್ಮ. ಲ್ಯಾಪ್‌ಟಾಪಿಗೆ ತಾನು ಬ್ಯಾಟರಿ ಮೇಲಿದ್ದೇನೆ ಎಂಬುದು ಗೊತ್ತು; ಉಬುಂಟುವಿನ ಸ್ವಯಂಚಾಲಿತ ಅಪ್‌ಡೇಟ್ ಆಗ ಸುಮ್ಮನಿರುತ್ತದೆ. ಇನ್ವರ್ಟರ್ ಮೇಲಿರುವ ಡೆಸ್ಕ್‌ಟಾಪಿಗೆ ಅದು ಗೊತ್ತಾಗುವುದಿಲ್ಲ. ಅದರ ಪಾಲಿಗೆ ಕರೆಂಟು ಇದ್ದೇ ಇದೆ. ಹಾಗಾಗಿ ಬ್ಯಾಟರಿ ಕೊನೆಯ ಉಸಿರೆಳೆಯುತ್ತಿರುವ ಹೊತ್ತಲ್ಲೇ ಹಿನ್ನೆಲೆಯಲ್ಲಿ ಭದ್ರತಾ ಅಪ್‌ಡೇಟ್ ಕೂರಲು ಶುರುವಾಗಬಹುದು. ಉಬುಂಟು ಬಳಸುವವರು ಜೂನ್‌ನಿಂದ ಸೆಪ್ಟೆಂಬರ್ ತನಕವಾದರೂ 'ಸಾಫ್ಟ್‌ವೇರ್ ಅಂಡ್ ಅಪ್‌ಡೇಟ್ಸ್' ಕಿಟಕಿಯ ಅಪ್‌ಡೇಟ್ಸ್ ಪುಟದಲ್ಲಿ ಭದ್ರತಾ ಅಪ್‌ಡೇಟನ್ನು 'ತಾನಾಗಿ ಇಳಿಸಿಡು' ಎಂಬಷ್ಟಕ್ಕೇ ನಿಲ್ಲಿಸಿ, ಕೂರಿಸುವುದನ್ನು ಕೈಯಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಮಿಂಟ್‌ನಲ್ಲಿ ಈ ತೊಂದರೆ ಕಡಿಮೆ. ಅಲ್ಲಿ ನಾವಾಗಿ ಹೇಳದೆ ಅಪ್‌ಡೇಟ್ ಮ್ಯಾನೇಜರ್ ಏನನ್ನೂ ಕೂರಿಸುವುದಿಲ್ಲ. ಆದರೆ ಆಗ ವಾರಕ್ಕೊಮ್ಮೆ ನೀವೇ ನೆನಪಿಟ್ಟು ಮಾಡಬೇಕು. ನಿಲ್ಲಿಸಿ ಮರೆತುಬಿಡುವುದು ಕರೆಂಟಿಗಿಂತ ದೊಡ್ಡ ಅಪಾಯ.

ಇಳಿಸಿಡುವ ವಿಧಾನ

ನೆಟ್ ಸಿಕ್ಕಿದಾಗ ಮೊದಲ ಆಜ್ಞೆ:

ಸುಡೊ ಆಪ್ಟ್-ಗೆಟ್ ಅಪ್‌ಡೇಟ್

ಇದು ಸಾಫ್ಟ್‌ವೇರ್ ತರುವುದಿಲ್ಲ, ರೆಪೊದಲ್ಲಿ, ಅಂದರೆ ಪ್ಯಾಕೇಜ್‌ಗಳನ್ನು ಇಟ್ಟಿರುವ ನೆಟ್‌ನ ಗೋದಾಮಿನಲ್ಲಿ, ಏನೇನಿದೆ ಎಂಬ ಪಟ್ಟಿಯನ್ನಷ್ಟೇ ತರುತ್ತದೆ. ಹೊಸ ಸಿಸ್ಟಂನಲ್ಲಿ ಮೊದಲ ಸಲ ಪಟ್ಟಿಯೇ ಹತ್ತಾರು ಎಂಬಿ ಆಗುತ್ತದೆ, ಗಾಬರಿ ಬೇಡ. ನಂತರ:

ಸುಡೊ ಆಪ್ಟ್-ಗೆಟ್ -ಡಿ ಡಿಸ್ಟ್-ಅಪ್‌ಗ್ರೇಡ್

-ಡಿ ಎಂದರೆ ಇಳಿಸು ಅಷ್ಟೆ, ಮುಟ್ಟಬೇಡ. ಫೈಲ್‌ಗಳು ವರ್ ಫೋಲ್ಡರಿನ ಒಳಗಿನ ಕ್ಯಾಶ್, ಅದರೊಳಗೆ ಆಪ್ಟ್, ಅದರೊಳಗೆ ಆರ್ಕೈವ್ಸ್ ಎಂಬಲ್ಲಿ ಬಂದು ಕೂತಿರುತ್ತವೆ. ಕರೆಂಟು ಗಟ್ಟಿ ಇರುವ ದಿನ, ನೆಟ್ ಇಲ್ಲದಿದ್ದರೂ ಸರಿ, ಅದೇ ಆಜ್ಞೆಯನ್ನು -ಡಿ ಇಲ್ಲದೆ ಕೊಡಿ. ನಡುವೆ ಮತ್ತೆ 'ಅಪ್‌ಡೇಟ್' ಕೊಡಬೇಡಿ. ಕೊಟ್ಟರೆ ಪಟ್ಟಿ ಹೊಸತಾಗಿ, ಇಳಿಸಿಟ್ಟ ಆವೃತ್ತಿಗಿಂತ ಹೊಸದು ಕಂಡು, ಮತ್ತೆ ಇಳಿಸಬೇಕು ಎನ್ನುತ್ತದೆ. ಬಂದಿದ್ದೆಲ್ಲ ದಂಡ.

ಬರೇ 'ಆಪ್ಟ್' ಬಿಟ್ಟು 'ಆಪ್ಟ್-ಗೆಟ್' ಯಾಕೆ ಎಂದರೆ, ಆಪ್ಟ್ ಕೆಲಸ ಮುಗಿದ ಕೂಡಲೇ ಇಳಿಸಿದ ಫೈಲ್‌ಗಳನ್ನು ಅಳಿಸಿಬಿಡುತ್ತದೆ, ಆಪ್ಟ್-ಗೆಟ್ ಉಳಿಸಿಕೊಳ್ಳುತ್ತದೆ. ಮನೆಯಲ್ಲಿ ಅಥವಾ ಪಕ್ಕದ ಮನೆಯಲ್ಲಿ ಇದೇ ಮಿಂಟ್ 22 ಇರುವ ಇನ್ನೊಂದು ಕಂಪ್ಯೂಟರ್ ಇದ್ದರೆ ಆರ್ಕೈವ್ಸ್ ಫೋಲ್ಡರಿನಲ್ಲಿರುವ ಡೆಬ್ ಫೈಲ್‌ಗಳನ್ನೇ (ಇಳಿಸಿದ ಪ್ಯಾಕೇಜ್‌ಗಳು) ಪೆನ್‌ಡ್ರೈವಿನಲ್ಲಿ ಒಯ್ದು ಅಲ್ಲಿನ ಆರ್ಕೈವ್ಸ್‌ಗೆ ಹಾಕಬಹುದು. ಸಾಕೆನಿಸಿದಾಗ 'ಸುಡೊ ಆಪ್ಟ್-ಗೆಟ್ ಕ್ಲೀನ್' ಎಲ್ಲವನ್ನೂ ಗುಡಿಸುತ್ತದೆ.

ಎಷ್ಟು ಹೊತ್ತು ಬೇಕು ಎಂಬ ಲೆಕ್ಕ ಮೊದಲೇ ಹಾಕಿಕೊಳ್ಳಿ. ಹೌದು-ಅಲ್ಲ ಕೇಳುವ ಮುನ್ನ ಆಪ್ಟ್-ಗೆಟ್ ಎಷ್ಟು ಎಂಬಿ ಇಳಿಯಬೇಕು ಎಂದು ತೋರಿಸುತ್ತದೆ. 500 ಎಂಬಿ ಎಂದರೆ ನಿಜವಾದ 1 ಎಂಬಿಪಿಎಸ್ ವೇಗದಲ್ಲಿ ಒಂದು ತಾಸಿಗಿಂತ ಸ್ವಲ್ಪ ಹೆಚ್ಚು, 4 ಎಂಬಿಪಿಎಸ್‌ನಲ್ಲಿ ಹದಿನೇಳು ನಿಮಿಷ. ಮೊಬೈಲ್ ಹಾಟ್‌ಸ್ಪಾಟ್ ಪದೇ ಪದೇ ಕಡಿದುಹೋಗುತ್ತಿದ್ದರೆ ಆಜ್ಞೆಯ ಕೊನೆಗೆ

-ಓ ಅಕ್ವೈರ್::ರಿಟ್ರೈಸ್=5

ಎಂದು ಸೇರಿಸಿ, ಒಂದು ಫೈಲ್ ಸೋತರೆ ಐದು ಸಲ ತಾನೇ ಪ್ರಯತ್ನಿಸುತ್ತದೆ. ಆಜ್ಞೆಯಲ್ಲಿ ಅಕ್ವೈರ್, ರಿಟ್ರೈಸ್ ಎರಡರ ಮೊದಲ ಅಕ್ಷರವನ್ನೂ ದೊಡ್ಡಕ್ಷರದಲ್ಲಿ ಬರೆಯುವುದು ರೂಢಿ. ಮಕ್ಕಳ ಆನ್‌ಲೈನ್ ಪಾಠ ನಡೆಯುತ್ತಿರುವಾಗ ಪೂರ್ತಿ ಲೈನ್ ಕಬಳಿಸದಿರಲು -ಓ ಅಕ್ವೈರ್::ಎಚ್‌ಟಿಟಿಪಿ::ಡಿಎಲ್-ಲಿಮಿಟ್=100 ಎಂದರೆ ಸೆಕೆಂಡಿಗೆ 100 ಕಿಲೋಬೈಟ್‌ಗೆ ಕಡಿವಾಣ ಬೀಳುತ್ತದೆ.

ಮಿಂಟ್‌ನ 'ಸಾಫ್ಟ್‌ವೇರ್ ಸೋರ್ಸಸ್' ಕಿಟಕಿಯಲ್ಲಿ ಮೇನ್, ಬೇಸ್ ಎಂದು ಎರಡು ಮಿರರ್ (ರೆಪೊದ ನಕಲು ಇಟ್ಟಿರುವ ಸರ್ವರ್) ಆಯ್ಕೆಗಳಿವೆ. ಮೇನ್ ಮಿಂಟ್‌ನವರದೇ ಪ್ಯಾಕೇಜ್, ಬೇಸ್ ಉಬುಂಟುವಿನದು. ಒತ್ತಿದರೆ ಯಾವ ಸರ್ವರ್ ಎಷ್ಟು ವೇಗ ಎಂದು ಅಳೆದು ತೋರಿಸುತ್ತದೆ. ಹಗಲು ಒಂದು ಸಲ, ರಾತ್ರಿ ಹತ್ತರ ನಂತರ ಒಂದು ಸಲ ಅಳೆದು ಆರಿಸಿ. ಪ್ರತಿದಿನ ಬದಲಾಯಿಸುತ್ತ ಕೂರಬೇಡಿ. ಒಂದೊಂದು ಮಿರರ್ ಒಂದೊಂದು ಹೊತ್ತಿಗೆ ನವೀಕರಣವಾಗುವುದರಿಂದ ಪಟ್ಟಿಯೊಂದು, ಮಾಲೊಂದು ಆಗುತ್ತದೆ.

ನೆಟ್ಟೇ ಇಲ್ಲದ ಮನೆಗೆ ಪೆನ್‌ಡ್ರೈವಿನಲ್ಲಿ

ಮನೆಯಲ್ಲಿ ನೆಟ್‌ವರ್ಕ್ ಒಂದು ಕಡ್ಡಿ, ಶಿರಸಿಯಲ್ಲೋ ಕುಮಟಾದಲ್ಲೋ ನೆಂಟರ ಮನೆಯಲ್ಲಿ ಫೈಬರ್. ಹೀಗಿರುವವರಿಗೆ ಪ್ಯಾಕೇಜ್ ಆರಿಸಿ ಹಾಕುವ ಸಿನಾಪ್ಟಿಕ್ ಎಂಬ ಸಾಧನದಷ್ಟು ಉಪಕಾರಿ ಬೇರೆ ಇಲ್ಲ. ಮಿಂಟ್‌ನಲ್ಲಿ ಅದು ಮೊದಲೇ ಇರುತ್ತದೆ, ನೋಡಲು ಹಳೇ ಕಾಲದ್ದು, ಹಾಗಾಗಿ ಯಾರೂ ತೆರೆಯುವುದಿಲ್ಲ.

ಮನೆಯ ಕಂಪ್ಯೂಟರಿನಲ್ಲಿ ಇರುವ ಸಣ್ಣ ನೆಟ್‌ನಲ್ಲೇ ರೀಲೋಡ್ ಒತ್ತಿ ಪಟ್ಟಿಯನ್ನು ಹೊಸದು ಮಾಡಿ. ಬೇಕಾದ ಪ್ಯಾಕೇಜ್ ಹುಡುಕಿ ಗುರುತು ಹಾಕಿ. ಅದರ ಅವಲಂಬನೆಗಳು, ಅಂದರೆ ಅದಕ್ಕೆ ಬೇಕಾದ ಬೇರೆ ಪ್ಯಾಕೇಜ್‌ಗಳು, ತಾವಾಗಿ ಗುರುತಾಗುತ್ತವೆ. ಈಗ 'ಅಪ್ಲೈ' ಒತ್ತದೆ ಫೈಲ್ ಮೆನುವಿನಲ್ಲಿ 'ಜನರೇಟ್ ಪ್ಯಾಕೇಜ್ ಡೌನ್‌ಲೋಡ್ ಸ್ಕ್ರಿಪ್ಟ್' ಎಂಬುದನ್ನು ಆರಿಸಿ, ಪೆನ್‌ಡ್ರೈವಿಗೆ ಉಳಿಸಿ. ಅದರೊಳಗೆ ಪ್ರತಿ ಫೈಲಿನ ಪೂರ್ತಿ ವಿಳಾಸ ಸಾಲಾಗಿರುತ್ತದೆ. ಫೈಬರ್ ಇರುವಲ್ಲಿ ಲಿನಕ್ಸ್ ಕಂಪ್ಯೂಟರ್ ಇದ್ದರೆ ಪೆನ್‌ಡ್ರೈವಿನ ಫೋಲ್ಡರಿನಲ್ಲಿ ಟರ್ಮಿನಲ್ ತೆರೆದು ಎಸ್-ಎಚ್ ಎಂದು ಬರೆದು ಆ ಫೈಲಿನ ಹೆಸರು ಕೊಟ್ಟರೆ ಎಲ್ಲವೂ ಇಳಿಯುತ್ತವೆ. ಅಲ್ಲಿರುವುದು ವಿಂಡೋಸ್ ಆದರೆ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ವಿಳಾಸಗಳನ್ನು ಒಂದೊಂದಾಗಿ ಬ್ರೌಸರಿಗೆ ಅಂಟಿಸಿ. ಹತ್ತು ಫೈಲಿನವರೆಗೆ ಇದು ಸಹ್ಯ. ಮನೆಗೆ ಬಂದು ಸಿನಾಪ್ಟಿಕ್‌ನ ಅದೇ ಫೈಲ್ ಮೆನುವಿನಲ್ಲಿ 'ಆ್ಯಡ್ ಡೌನ್‌ಲೋಡೆಡ್ ಪ್ಯಾಕೇಜಸ್' ಆರಿಸಿ ಪೆನ್‌ಡ್ರೈವಿನ ಫೋಲ್ಡರ್ ತೋರಿಸಿದರೆ ಮುಗಿಯಿತು.

ಇಲ್ಲಿ ತಪ್ಪುವುದು ಮೂರು ಕಡೆ. ಪಟ್ಟಿ ಹಳೆಯದಾಗಿದ್ದರೆ ವಿಳಾಸಗಳು 404 (ಫೈಲ್ ಇಲ್ಲ) ಎನ್ನುತ್ತವೆ, ಏಕೆಂದರೆ ಹೊಸ ಆವೃತ್ತಿ ಬಂದಾಗ ರೆಪೊ ಹಳೆಯ ಫೈಲನ್ನು ತೆಗೆದುಹಾಕುತ್ತದೆ. ಸ್ಕ್ರಿಪ್ಟ್ ಮಾಡಿದ್ದಕ್ಕೂ ಇಳಿಸಿದ್ದಕ್ಕೂ ನಡುವೆ ವಾರಗಟ್ಟಲೆ ಬಿಡಬೇಡಿ. ಎರಡನೆಯದು, ಕಾಪಿ ಮುಗಿಯಿತೆಂದು ಪರದೆ ಹೇಳಿದ ಕೂಡಲೇ ಪೆನ್‌ಡ್ರೈವ್ ಎಳೆಯುವುದು. ಲಿನಕ್ಸ್ ಇನ್ನೂ ಹಿಂದಿನಿಂದ ಬರೆಯುತ್ತಿರುತ್ತದೆ. 'ಇಜೆಕ್ಟ್' ಕೊಟ್ಟು, ತೆಗೆಯಬಹುದು ಎಂಬ ಸೂಚನೆ ಬಂದ ಮೇಲೆಯೇ ತೆಗೆಯಿರಿ. ಇಲ್ಲವಾದರೆ ಘಟ್ಟ ಹತ್ತಿ ಮನೆಗೆ ಬಂದಮೇಲೆ ಫೈಲ್ ಅರ್ಧಕ್ಕೇ ಮುಗಿದಿದೆ ಎಂಬ ದೂರು. ಮೂರನೆಯದು ನಂಬಿಕೆಯ ಮಾತು. ಡೆಬ್ ಫೈಲನ್ನು ಡಿಪಿಕೆಜಿ ಮೂಲಕ ನೇರವಾಗಿ ಕೂರಿಸಿದಾಗ ರೆಪೊದ ಸಹಿ ತಪಾಸಣೆ ನಡೆಯುವುದಿಲ್ಲ, ಒಳಗಿನ ಸ್ಕ್ರಿಪ್ಟ್‌ಗಳು ಪೂರ್ತಿ ಅಧಿಕಾರದಲ್ಲಿ ಓಡುತ್ತವೆ. ಯಾರ ಯಾರದೋ ಪೆನ್‌ಡ್ರೈವ್ ಚುಚ್ಚಿಸಿಕೊಂಡ ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿ ಕಂಪ್ಯೂಟರಿಗಿಂತ ನೆಂಟರ ಮನೆಯದು ವಾಸಿ.

ಪಟ್ಟಿಯನ್ನೂ ಇಳಿಸಲಾಗದಷ್ಟು ನೆಟ್ ಇಲ್ಲದಿದ್ದರೆ 'ಆಪ್ಟ್-ಆಫ್‌ಲೈನ್' ಎಂಬ ಪ್ಯಾಕೇಜ್ ಇದೆ. ಅದು ಮನೆಯಲ್ಲಿ 'ಸೆಟ್', ಪೇಟೆಯಲ್ಲಿ 'ಗೆಟ್', ಮತ್ತೆ ಮನೆಯಲ್ಲಿ 'ಇನ್‌ಸ್ಟಾಲ್' ಎಂಬ ಮೂರು ಹೆಜ್ಜೆಯಲ್ಲಿ ಪಟ್ಟಿ, ಪ್ಯಾಕೇಜ್ ಎರಡನ್ನೂ ಒಂದೇ ಜಿಪ್ ಕಟ್ಟಿನಲ್ಲಿ ತರುತ್ತದೆ. ಎರಡೂ ಕಡೆ ಅದು ಮೊದಲೇ ಇರಬೇಕು ಎಂಬುದೊಂದೇ ತೊಡಕು.

ಶಾಲೆಯ ಲ್ಯಾಬಿನಲ್ಲಿ ಹತ್ತು ಕಂಪ್ಯೂಟರ್ ಇದ್ದರೆ ಹತ್ತೂ ಅದೇ 300 ಎಂಬಿ ಇಳಿಸುವುದು ಹುಚ್ಚು. ಒಂದರಲ್ಲಿ 'ಆಪ್ಟ್-ಕ್ಯಾಶರ್-ಎನ್‌ಜಿ' ಹಾಕಿ, ಉಳಿದವು 3142 ಎಂಬ ಪೋರ್ಟ್ ಮೂಲಕ ಅದನ್ನೇ ಪ್ರಾಕ್ಸಿಯಾಗಿ (ಮಧ್ಯವರ್ತಿಯಾಗಿ) ಬಳಸಲಿ. ಮೊದಲ ಯಂತ್ರ ಇಳಿಸಿದ್ದು ಉಳಿದ ಒಂಬತ್ತಕ್ಕೆ ಕೋಣೆಯೊಳಗಿನ ವೈರಿನಲ್ಲೇ ಸಿಗುತ್ತದೆ. ಆ ಯಂತ್ರಕ್ಕೆ ಬದಲಾಗದ ಐಪಿ ವಿಳಾಸ ಕೊಡುವುದನ್ನು ಮರೆಯಬೇಡಿ, ಅದು ಬದಲಾದ ದಿನ ಒಂಬತ್ತೂ ಒಟ್ಟಿಗೆ ನಿಲ್ಲುತ್ತವೆ.

ಎಲ್ಲಿಂದ ಹಾಕಬೇಕು

ಒಂದೇ ಸಾಫ್ಟ್‌ವೇರ್ ರೆಪೊದಲ್ಲೂ ಫ್ಲಾಟ್‌ಪ್ಯಾಕ್ ಎಂಬ ಇನ್ನೊಂದು ವಿಧಾನದಲ್ಲೂ ಕಂಡಾಗ ಯಾವುದು? ನಮ್ಮ ಕಡೆಯ ನೆಟ್‌ಗೆ ರೆಪೊದ್ದೇ ಸರಿ, ಆವೃತ್ತಿ ಸ್ವಲ್ಪ ಹಳೆಯದಾದರೂ. ರೆಪೊ ಪ್ಯಾಕೇಜ್‌ಗಳು ಸಿಸ್ಟಂನಲ್ಲಿ ಈಗಾಗಲೇ ಇರುವ ಲೈಬ್ರರಿಗಳನ್ನು (ಹಲವು ಸಾಫ್ಟ್‌ವೇರ್‌ಗಳು ಬಳಸುವ ಸಾಮಾನ್ಯ ತುಣುಕುಗಳು) ಹಂಚಿಕೊಳ್ಳುತ್ತವೆ, ಹಾಗಾಗಿ ಕೆಲವೇ ಎಂಬಿಯಲ್ಲಿ ಮುಗಿಯುತ್ತದೆ. ಫ್ಲಾಟ್‌ಪ್ಯಾಕ್ ತನ್ನದೇ ರನ್‌ಟೈಮ್ (ಆಪ್ ಓಡಲು ಬೇಕಾದ ಲೈಬ್ರರಿಗಳ ಕಟ್ಟು) ತರುತ್ತದೆ. ಮೊದಲ ಆಪ್‌ಗೆ ನೂರಾರು ಎಂಬಿ, ಕೆಲವೊಮ್ಮೆ ಜಿಬಿ ದಾಟುತ್ತದೆ. ಮಿಂಟ್‌ನ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಹೆಸರಿನ ಜೊತೆಗೆ ಯಾವುದು ಫ್ಲಾಟ್‌ಪ್ಯಾಕ್ ಎಂದು ಬರೆದಿರುತ್ತದೆ, ಒತ್ತುವ ಮೊದಲು ಗಾತ್ರ ಓದಿ. ಹೊಸ ಆವೃತ್ತಿಯೇ ಬೇಕು ಎನ್ನುವಲ್ಲಿ, ಉದಾಹರಣೆಗೆ ಫೋಟೊ ಕೆಲಸಕ್ಕೆ ಗಿಂಪ್, ವೀಡಿಯೊ ಕತ್ತರಿಸಲು ಕೆಡೆನ್‌ಲೈವ್, ಫ್ಲಾಟ್‌ಪ್ಯಾಕ್ ಸರಿಯಾದ ದಾರಿ. ಆಪ್ ತೆಗೆದ ಮೇಲೂ ರನ್‌ಟೈಮ್ ಉಳಿದಿರುತ್ತದೆ. 'ಫ್ಲಾಟ್‌ಪ್ಯಾಕ್ ಅನ್‌ಇನ್‌ಸ್ಟಾಲ್ --ಅನ್‌ಯೂಸ್ಡ್' ಕೊಟ್ಟರೆ ಜಾಗ ಬಿಡುತ್ತದೆ.

ಉಬುಂಟುವಿನ ಸ್ನ್ಯಾಪ್ (ಫ್ಲಾಟ್‌ಪ್ಯಾಕ್‌ನಂಥದೇ ಇನ್ನೊಂದು ವಿಧಾನ) ದಿನಕ್ಕೆ ನಾಲ್ಕು ಸಲ ಹೊಸದಿದೆಯೇ ಎಂದು ನೋಡಿ, ಇದ್ದರೆ ಕೇಳದೆ ಇಳಿಸುತ್ತದೆ. ದಿನದ ಡೇಟಾ ಮಧ್ಯಾಹ್ನವೇ ಖಾಲಿಯಾಗುವುದಕ್ಕೆ ಇದೂ ಒಂದು ಕಾರಣವಿರಬಹುದು. 'ಸುಡೊ ಸ್ನ್ಯಾಪ್ ರಿಫ್ರೆಶ್ --ಹೋಲ್ಡ್' ಕೊಟ್ಟರೆ ತಾನಾಗಿ ಇಳಿಸುವುದು ನಿಲ್ಲುತ್ತದೆ; ನೆಟ್ ಸಿಕ್ಕಾಗ 'ಸುಡೊ ಸ್ನ್ಯಾಪ್ ರಿಫ್ರೆಶ್' ಎಂದು ಆಪ್‌ನ ಹೆಸರು ಕೊಡಿ. ಮಿಂಟ್‌ನಲ್ಲಿ ಸ್ನ್ಯಾಪ್ ಮೊದಲಿಂದಲೇ ಬಂದ್ ಇರುತ್ತದೆ.

ಕಂಪನಿಯವರ ತಾಣದಿಂದ ಇಳಿಸಿದ ಡೆಬ್ ಫೈಲ್‌ಗಳಲ್ಲಿ ಎರಡು ಜಾತಿ. ಗೂಗಲ್ ಕ್ರೋಮ್‌ನಂಥವು ತಮ್ಮ ರೆಪೊವನ್ನೂ ಸೇರಿಸಿಕೊಳ್ಳುತ್ತವೆ, ಆಮೇಲೆ ಅಪ್‌ಡೇಟ್ ತಾನಾಗಿ ಬರುತ್ತದೆ. ಪ್ರಿಂಟರ್ ಡ್ರೈವರ್‌ನಂಥವು ಒಮ್ಮೆ ಕೂತರೆ ಕೂತವೇ. ಎರಡನ್ನೂ ಕೂರಿಸಲು ಫೈಲ್ ಇರುವ ಫೋಲ್ಡರಿನಲ್ಲಿ ಟರ್ಮಿನಲ್ ತೆರೆದು 'ಸುಡೊ ಆಪ್ಟ್ ಇನ್‌ಸ್ಟಾಲ್' ಎಂದು, ಒಂದು ಚುಕ್ಕೆ, ಒಂದು ಓರೆಗೆರೆ, ಫೈಲಿನ ಹೆಸರು ಕೊಡಿ. ಚುಕ್ಕೆ-ಓರೆಗೆರೆ ಬಿಟ್ಟರೆ ಆಪ್ಟ್ ಆ ಹೆಸರನ್ನು ರೆಪೊದಲ್ಲಿ ಹುಡುಕಿ 'ಇಲ್ಲ' ಎನ್ನುತ್ತದೆ. ಇಡೀ ಆಪ್ ಒಂದರಲ್ಲೇ ಇರುವ ಆಪ್‌ಇಮೇಜ್ ಫೈಲಿಗೆ ಕೂರಿಸುವ ಕೆಲಸವೇ ಇಲ್ಲ. ಪ್ರಾಪರ್ಟೀಸ್‌ನಲ್ಲಿ ಓಡಿಸುವ ಅನುಮತಿ ಕೊಟ್ಟು ಎರಡು ಸಲ ಒತ್ತಿದರಾಯಿತು. ಉಬುಂಟು 24.04ರಲ್ಲಿ ಅದು ಏಳದಿದ್ದರೆ 'ಲಿಬ್‌ಫ್ಯೂಸ್2ಟಿ64' ಎಂಬ ಪ್ಯಾಕೇಜ್ ಬೇಕು. ಬರೇ 'ಫ್ಯೂಸ್' ಎಂಬುದನ್ನು ಹಾಕಹೋಗಬೇಡಿ, ಅದು ಹೊಸ ಫ್ಯೂಸ್3ನ್ನು ಕಿತ್ತು ಡೆಸ್ಕ್‌ಟಾಪಿನ ಕೆಲವು ಭಾಗಗಳನ್ನೂ ಜೊತೆಗೆ ಒಯ್ಯಬಹುದು.

ಪಿಪಿಎಗಳ ಬಗ್ಗೆ: ಯಾರೋ ಒಬ್ಬರು ತಮ್ಮ ಬಿಡುವಿನಲ್ಲಿ ನಡೆಸುವ ರೆಪೊ ಅದು. ಅವರು ಬಿಟ್ಟ ದಿನ ನಿಮ್ಮ ಸಾಫ್ಟ್‌ವೇರ್ ಅಲ್ಲಿಗೇ ನಿಲ್ಲುತ್ತದೆ, ಮುಂದಿನ ಆವೃತ್ತಿಗೆ ಏರುವಾಗ ಕಾಲಿಗೆ ಸಿಕ್ಕಿಕೊಳ್ಳುತ್ತದೆ. ಹಾಕಿದ್ದನ್ನು ಸುರಕ್ಷಿತವಾಗಿ ಹಿಂದೆ ತರಲು 'ಪಿಪಿಎ-ಪರ್ಜ್' ಇದೆ. ಹಾಕದಿರುವುದು ಇನ್ನೂ ಸುಲಭ.

ಕನ್ನಡಕ್ಕೆ ಬೇಕಾದವು

ಇವನ್ನು ಒಂದೇ ಸಲ ಇಳಿಸಿಟ್ಟುಕೊಳ್ಳಿ. 'ಫಾಂಟ್ಸ್-ಕೆಎನ್‌ಡಿಎ' ಹಾಕಿದರೆ ಗುಬ್ಬಿ, ನವಿಲು, ಲೋಹಿತ್ ಫಾಂಟ್‌ಗಳು ಬರುತ್ತವೆ. ಟೈಪ್ ಮಾಡಲು 'ಐಬಸ್-ಎಂ17ಎನ್'. ಕೂರಿಸಿದ ಮೇಲೆ ಒಮ್ಮೆ ಲಾಗ್‌ಔಟ್ ಆಗಿ ಬರಬೇಕು, ಇಲ್ಲದಿದ್ದರೆ ಕನ್ನಡ ಕೀಲಿಮಣೆಗಳು ಪಟ್ಟಿಯಲ್ಲಿ ಕಾಣುವುದಿಲ್ಲ. ಎಷ್ಟೋ ಜನ ಇಲ್ಲಿಯೇ ಕೈಚೆಲ್ಲುತ್ತಾರೆ. ಮಿಂಟ್‌ನಲ್ಲಿ 'ಇನ್‌ಪುಟ್ ಮೆಥಡ್' ಕಿಟಕಿಯಲ್ಲಿ ಐಬಸ್ ಆರಿಸಿ, ನಂತರ ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡದ ಕೆಳಗೆ ಕೆಜಿಪಿ ಎಂಬ ಕೀಲಿಮಣೆ ವಿನ್ಯಾಸ ಸೇರಿಸಿ. ಪಂಚಾಯಿತಿಯಲ್ಲೋ ತಹಶೀಲ್ದಾರ್ ಕಚೇರಿಯಲ್ಲೋ 'ನುಡಿ' ತಂತ್ರಾಂಶದಲ್ಲಿ ಬೆರಳು ಪಳಗಿದವರಿಗೆ ಇದೇ ವಿನ್ಯಾಸ. ಹೊಸದಾಗಿ ಕಲಿಯುವುದೇನೂ ಇಲ್ಲ.

ನುಡಿಯ ಹಳೇ ಫೈಲ್ ತೆರೆದಾಗ ಇಂಗ್ಲಿಷ್ ಅಕ್ಷರಗಳ ಕಸ ಕಂಡರೆ ಅದು ಫಾಂಟ್ ಕೊರತೆಯೂ ಹೌದು, ಅದಕ್ಕಿಂತ ಹೆಚ್ಚಿನದೂ ಹೌದು. ಆ ಫೈಲ್ ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ. ಗುಬ್ಬಿ, ನವಿಲು ಹಾಕಿದರೆ ಸರಿಹೋಗುವುದಿಲ್ಲ. ನೋಡಲು, ಮುದ್ರಿಸಲು ಮಾತ್ರ ಸಾಕೆಂದರೆ ಆ ಹಳೇ ನುಡಿ ಫಾಂಟನ್ನೇ ಹೋಮ್ ಫೋಲ್ಡರಿನ ಒಳಗೆ ಚುಕ್ಕೆ-ಲೋಕಲ್, ಶೇರ್, ಫಾಂಟ್ಸ್ ಎಂಬಲ್ಲಿ ಹಾಕಿ 'ಎಫ್‌ಸಿ-ಕ್ಯಾಶ್ -ಎಫ್' ಓಡಿಸಿ. ತಿದ್ದಬೇಕು, ಹುಡುಕಬೇಕು ಎಂದರೆ ಯೂನಿಕೋಡ್‌ಗೆ ಪರಿವರ್ತಿಸಲೇಬೇಕು. ಸ್ಕ್ಯಾನ್ ಮಾಡಿದ ಕನ್ನಡ ಪುಟದಿಂದ ಅಕ್ಷರ ತೆಗೆಯಲು 'ಟೆಸರಾಕ್ಟ್-ಓಸಿಆರ್-ಕನ್' ರೆಪೊದಲ್ಲೇ ಇದೆ. 300 ಡಿಪಿಐಗಿಂತ ಕಡಿಮೆ ಸ್ಕ್ಯಾನ್ ಮಾಡಿ ಕೊಟ್ಟರೆ ಒತ್ತಕ್ಷರಗಳೆಲ್ಲ ಎಡವಟ್ಟಾಗುತ್ತವೆ.

ಪ್ರಿಂಟರ್ ವಿಷಯಕ್ಕೆ ಒಂದು ಎಚ್ಚರಿಕೆ. ಜೆರಾಕ್ಸ್ ಅಂಗಡಿಗಳಲ್ಲಿ ಇನ್ನೂ ದುಡಿಯುತ್ತಿರುವ ಎಚ್‌ಪಿ ಲೇಸರ್‌ಜೆಟ್ 1020ಕ್ಕೆ 'ಎಚ್‌ಪಿಲಿಪ್' ಎಂಬ ಡ್ರೈವರ್ ಜೊತೆ 'ಎಚ್‌ಪಿ-ಪ್ಲಗಿನ್' ಎಂಬ ಹೆಚ್ಚುವರಿ ಫೈಲ್ ನೆಟ್‌ನಿಂದ ಇಳಿಯಬೇಕು, ಮತ್ತು ಎರಡರ ಆವೃತ್ತಿ ಒಂದೇ ಇರಬೇಕು. ಎಚ್‌ಪಿಲಿಪ್ ಮಾತ್ರ ಅಪ್‌ಡೇಟ್ ಆದರೆ ಮರುದಿನ ಬೆಳಿಗ್ಗೆ ಪ್ರಿಂಟ್ ಬರುವುದಿಲ್ಲ. ಅಂಗಡಿಯ ಕಂಪ್ಯೂಟರಿನಲ್ಲಿ

ಸುಡೊ ಆಪ್ಟ್-ಮಾರ್ಕ್ ಹೋಲ್ಡ್ ಎಚ್‌ಪಿಲಿಪ್

ಕೊಟ್ಟು ಅದನ್ನು ಅಲ್ಲೇ ಕಟ್ಟಿಹಾಕಿ, ಬಿಡುವಿದ್ದ ದಿನ 'ಅನ್‌ಹೋಲ್ಡ್' ಮಾಡಿ ಎರಡನ್ನೂ ಒಟ್ಟಿಗೆ ಏರಿಸಿ.

ಕರೆಂಟು ನಡುವೆ ಹೋದರೆ

ಮರ ಬಿದ್ದು ಲೈನ್ ಹೋಯಿತು, ಪರದೆ ಕಪ್ಪಾಯಿತು, ಆಗ 'ಅನ್‌ಪ್ಯಾಕಿಂಗ್' ಎಂದು ಓಡುತ್ತಿತ್ತು. ಕರೆಂಟು ಬಂದ ಕೂಡಲೇ ಒತ್ತಬೇಡಿ. ಹೋಗಿ ಬಂದು ಮಾಡುವ ಮೊದಲ ಹತ್ತು ನಿಮಿಷ ಕಳೆಯಲಿ. ಸಿಸ್ಟಂ ಎದ್ದರೆ ಈ ಕ್ರಮದಲ್ಲೇ:

ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ
ಸುಡೊ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್

ಮೊದಲನೆಯದು ಬಿಚ್ಚಿಟ್ಟು ಅರ್ಧಕ್ಕೇ ನಿಂತವನ್ನು ಮುಗಿಸುತ್ತದೆ; ಎರಡನೆಯದು ಕೊರತೆ ಬಿದ್ದ ಅವಲಂಬನೆಗಳನ್ನು ತುಂಬುತ್ತದೆ. ಯಾವುದೋ ಒಂದು ಪ್ಯಾಕೇಜ್ ಹೆಸರು ಹೇಳಿ 'ಮತ್ತೆ ಕೂರಿಸಬೇಕು' ಎಂದು ದೂರಿದರೆ 'ಸುಡೊ ಆಪ್ಟ್ ಇನ್‌ಸ್ಟಾಲ್ --ರಿಇನ್‌ಸ್ಟಾಲ್' ಎಂದು ಆ ಹೆಸರು. ಯಾವ ದಿನ ಏನು ಕೂತಿತು, ಎಲ್ಲಿ ನಿಂತಿತು ಎಂಬ ಇತಿಹಾಸ ವರ್, ಲಾಗ್, ಆಪ್ಟ್ ಫೋಲ್ಡರಿನ 'ಹಿಸ್ಟರಿ' ಲಾಗ್ ಫೈಲಿನಲ್ಲಿ ಇರುತ್ತದೆ.

ಸಿಸ್ಟಂ ಏಳದಿದ್ದರೆ ಶುರುವಿನಲ್ಲೇ ಗ್ರಬ್ ಮೆನು (ಯಾವುದರಿಂದ ಏಳಬೇಕು ಎಂದು ಆರಿಸುವ ಪಟ್ಟಿ) ತರಿಸಿ: ಹಳೇ ಬಯಾಸ್ ಯಂತ್ರದಲ್ಲಿ ಶಿಫ್ಟ್ ಒತ್ತಿ ಹಿಡಿದು, ಹೊಸ ಯುಇಎಫ್‌ಐ ಯಂತ್ರದಲ್ಲಿ ಎಸ್ಕೇಪ್ ತಟ್ಟಿ. 'ಅಡ್ವಾನ್ಸ್‌ಡ್ ಆಪ್ಷನ್ಸ್' ಒಳಗೆ ಹಿಂದಿನ ಕರ್ನಲ್ ಇರುತ್ತದೆ, ಅದರಿಂದ ಎದ್ದು ಮೇಲಿನ ಎರಡು ಆಜ್ಞೆ ಕೊಡಿ. ಅದೂ ಆಗದಿದ್ದರೆ ಅಲ್ಲೇ ಇರುವ ರಿಕವರಿ ಮೋಡ್‌ನಲ್ಲಿ 'ಡಿಪಿಕೆಜಿ' ಎಂಬ ಸಾಲು ಒಡೆದ ಪ್ಯಾಕೇಜ್‌ಗಳನ್ನು ಸರಿಪಡಿಸಲೆಂದೇ ಇದೆ. ಹಳೆಯ ಕರ್ನಲ್ ಒಂದನ್ನಾದರೂ ಯಾವತ್ತೂ ಉಳಿಸಿಕೊಳ್ಳಬೇಕು ಎನ್ನುವುದು ಇದಕ್ಕೇ.

'ಲಾಕ್ ಸಿಗಲಿಲ್ಲ, ಇನ್ನೊಂದು ಪ್ರಕ್ರಿಯೆ ಹಿಡಿದಿದೆ' ಎಂಬ ಸಂದೇಶಕ್ಕೆ ಹಲವರು ಲಾಕ್ ಫೈಲನ್ನೇ ಅಳಿಸಲು ಹೇಳುತ್ತಾರೆ. ಬೇಡ. ಸಂದೇಶದಲ್ಲೇ ಹಿಡಿದವರ ಹೆಸರು, ಸಂಖ್ಯೆ ಇರುತ್ತದೆ. ಸಾಮಾನ್ಯವಾಗಿ ಅದು ಹಿನ್ನೆಲೆಯ ಸ್ವಯಂಚಾಲಿತ ಅಪ್‌ಡೇಟ್. ಹದಿನೈದು ನಿಮಿಷ ಬಿಟ್ಟು ನೋಡಿ. ಲಾಕ್ ಅಳಿಸಿ ಇಬ್ಬರೂ ಒಟ್ಟಿಗೆ ಒಂದೇ ಖಾತೆಯಲ್ಲಿ ಬರೆಯತೊಡಗಿದರೆ ಕರೆಂಟು ಹೋದದ್ದಕ್ಕಿಂತ ಕೆಟ್ಟ ಸ್ಥಿತಿ.

'ಅಪ್‌ಡೇಟ್' ಕೊಟ್ಟಾಗ 'ಕ್ಲಿಯರ್‌ಸೈನ್ಡ್ ಫೈಲ್ ಸರಿಯಿಲ್ಲ, ನೋಸ್ಪ್ಲಿಟ್' ಎಂದು ಬಂದರೆ ಲಿನಕ್ಸ್‌ನದೇನೂ ತಪ್ಪಿಲ್ಲ. ಡೇಟಾ ಪ್ಯಾಕ್ ಮುಗಿದೋ, ವೈಫೈ ಲಾಗಿನ್ ಕೇಳುತ್ತಲೋ, ರೆಪೊದ ಪಟ್ಟಿಯ ಬದಲು ಯಾವುದೋ ವೆಬ್ ಪುಟ ಬಂದಿದೆ. ಬ್ರೌಸರ್ ತೆರೆದು ನೋಡಿ, ರೀಚಾರ್ಜ್ ಮಾಡಿ. 'ಹ್ಯಾಶ್ ಸಮ್ ಮಿಸ್‌ಮ್ಯಾಚ್' ಎಂದರೆ ಪಟ್ಟಿ ನಡುದಾರಿಯಲ್ಲಿ ಕೆಟ್ಟಿದೆ ಅಥವಾ ಮಿರರ್ ಅರ್ಧ ನವೀಕರಣದಲ್ಲಿದೆ. ವರ್, ಲಿಬ್, ಆಪ್ಟ್ ಒಳಗಿನ ಲಿಸ್ಟ್ಸ್ ಫೋಲ್ಡರ್ ಖಾಲಿ ಮಾಡಿ ಒಂದು ತಾಸು ಬಿಟ್ಟು ಮತ್ತೆ ಅಪ್‌ಡೇಟ್ ಕೊಡಿ.

'ರಿಲೀಸ್ ಫೈಲ್ ಇನ್ನೂ ಜಾರಿಗೆ ಬಂದಿಲ್ಲ' ಎಂದು ಬಂದರೆ ಪರದೆಯ ಮೂಲೆಯ ತಾರೀಕು ನೋಡಿ. ಹಳೇ ಡೆಸ್ಕ್‌ಟಾಪಿನ ಮದರ್‌ಬೋರ್ಡಿನ ಗುಂಡು ಬ್ಯಾಟರಿ ಸತ್ತಿರುತ್ತದೆ, ಕರೆಂಟು ಹೋಗಿ ಬಂದಾಗಲೆಲ್ಲ ತಾರೀಕು ವರ್ಷಗಟ್ಟಲೆ ಹಿಂದಕ್ಕೆ ಜಿಗಿಯುತ್ತದೆ. ಬ್ರೌಸರ್ ಕೂಡ ಆಗ ಎಲ್ಲ ತಾಣಗಳೂ ಅಸುರಕ್ಷಿತ ಎನ್ನುತ್ತದೆ. ಸಿಆರ್2032, 3 ವೋಲ್ಟ್, ಕೈಗಡಿಯಾರದ ಅಂಗಡಿಯಲ್ಲಿ ಸಿಗುತ್ತದೆ. ಪ್ಲಗ್ ತೆಗೆದು ಬದಲಾಯಿಸಿ. ಕರಾವಳಿಯ ಉಪ್ಪುಗಾಳಿಗೆ ಅದರ ಹಿಡಿಕೆಯ ಲೋಹದಲ್ಲಿ ಕಿಲುಬು ಹಿಡಿದಿದ್ದರೆ ಒಣ ಬಟ್ಟೆಯಲ್ಲಿ ಉಜ್ಜಿ.

ಜಾಗ, ತೆಗೆಯುವುದು, ಹಿಂದಿರುಗುವುದು

ಡಿಸ್ಕ್ ತುಂಬಿ ಅಪ್‌ಡೇಟ್ ನಿಂತರೂ ಕರೆಂಟು ಹೋದಷ್ಟೇ ಫಲ. 'ಡಿಎಫ್ -ಎಚ್' ಕೊಟ್ಟು ಮೂಲ ವಿಭಾಗದಲ್ಲಿ ಕನಿಷ್ಠ 5 ಜಿಬಿ ಖಾಲಿ ಇದೆಯೇ ನೋಡಿ. ತುಂಬಿದ್ದರೆ ಮೊದಲ ಅನುಮಾನ ಟೈಮ್‌ಶಿಫ್ಟ್ ಮೇಲೆ ಇರಲಿ. ಅದು ಉಳಿಸುವ ಹಿಂದಿನ ಸ್ಥಿತಿಗಳು ಅದೇ ಡಿಸ್ಕಿನಲ್ಲಿ ಹತ್ತಾರು ಜಿಬಿ ತಿನ್ನುತ್ತವೆ. ಎರಡು ಮೂರು ಸಾಕು. ಅದರಲ್ಲಿ ನಿಮ್ಮ ಫೋಟೊ, ದಾಖಲೆ ಇರುವುದಿಲ್ಲ, ಸಿಸ್ಟಂ ಮಾತ್ರ. ಹಳೇ ಕರ್ನಲ್‌ಗಳು 'ಸುಡೊ ಆಪ್ಟ್ ಆಟೊರಿಮೂವ್' ಕೊಟ್ಟರೆ ಹೋಗುತ್ತವೆ.

ಯಾವುದನ್ನು ತೆಗೆಯುವಾಗಲೂ ವೈ ಒತ್ತುವ ಮುನ್ನ 'ರಿಮೂವ್ಡ್' ಎಂಬ ತಲೆಬರಹದ ಕೆಳಗಿನ ಪಟ್ಟಿಯನ್ನು ಬಾಯಿಬಿಟ್ಟು ಓದಿ. ಒಂದು ಸಣ್ಣ ಲೈಬ್ರರಿ ತೆಗೆಯಲು ಹೋದಾಗ ಪಟ್ಟಿಯಲ್ಲಿ ಸಿನಮನ್, ಗ್ನೋಮ್, ಪೈಥಾನ್3 ಎಂಬ ಹೆಸರು ಕಂಡರೆ ಎನ್ ಒತ್ತಿ ಹೊರಗೆ ಬನ್ನಿ. ಇಲ್ಲದಿದ್ದರೆ ಮುಂದಿನ ಸಲ ಎದ್ದಾಗ ಡೆಸ್ಕ್‌ಟಾಪ್ ಪರದೆಯೇ ಇರುವುದಿಲ್ಲ. 'ಯೆಸ್, ಡೂ ಆ್ಯಸ್ ಐ ಸೇ' ಎಂದು ಪೂರ್ತಿ ವಾಕ್ಯವನ್ನೇ ಬರೆಯಲು ಅದು ಕೇಳಿತೆಂದರೆ, ಸಿಸ್ಟಂನ ಬುಡಕ್ಕೇ ಕೊಡಲಿ ಇಡುತ್ತಿದ್ದೀರಿ ಎಂದರ್ಥ.

ದೊಡ್ಡ ಏರಿಕೆಗಳನ್ನು, ಅಂದರೆ ಮಿಂಟ್ 22ರಿಂದ ಅದರ ಮುಂದಿನ ಬಿಂದು ಆವೃತ್ತಿಗೆ (22.1, 22.2ರಂಥದು) ಹೋಗುವಂಥವನ್ನು, ಮೇ ಮುಗಿಯುವುದರೊಳಗೆ ಮಾಡಿಬಿಡಿ. ಮೊದಲು ಟೈಮ್‌ಶಿಫ್ಟ್, ಆಮೇಲೆ 'ಆಪ್ಟ್-ಮಾರ್ಕ್ ಶೋಮ್ಯಾನ್ಯುಅಲ್' ಕೊಟ್ಟು ನೀವಾಗಿ ಹಾಕಿದ ಪ್ಯಾಕೇಜ್‌ಗಳ ಪಟ್ಟಿಯನ್ನು ಒಂದು ಫೈಲಿಗೆ ಉಳಿಸಿ ಪೆನ್‌ಡ್ರೈವಿಗೆ ಹಾಕಿ, ಕೊನೆಗೆ ಅಪ್‌ಡೇಟ್ ಮ್ಯಾನೇಜರ್‌ನ ಎಡಿಟ್ ಮೆನುವಿನಿಂದ ಏರಿಸಿ. ಉಬುಂಟುವಿನಲ್ಲಿ ಒಂದು ಎಲ್‌ಟಿಎಸ್‌ನಿಂದ, ಅಂದರೆ ದೀರ್ಘ ಬೆಂಬಲದ ಆವೃತ್ತಿಯಿಂದ, ಮುಂದಿನದಕ್ಕೆ ಹಾದಿ ತೆರೆಯುವುದು ಮೊದಲ ಬಿಂದು ಬಿಡುಗಡೆಯ ನಂತರ, ಸಾಮಾನ್ಯವಾಗಿ ಆಗಸ್ಟ್‌ನಲ್ಲಿ. ಘಟ್ಟದ ಮೇಲೆ ಮಳೆ ಹೊಡೆಯುತ್ತಿರುವ ತಿಂಗಳದು. ಸೂಚನೆ ಬಂದರೂ ಬದಿಗೆ ಸರಿಸಿ, ದೀಪಾವಳಿ ಕಳೆದ ಮೇಲೆ ಕೈಹಾಕಿ. ಹಳೆಯದಕ್ಕೆ ಬೆಂಬಲ ಇನ್ನೂ ವರ್ಷಗಟ್ಟಲೆ ಇರುತ್ತದೆ.